ಊಟ ಉಳಿಸಿ

ಮನುಷ್ಯ ಅಂದಮೇಲೆ ಒಂದು ಚಟ ಇರಬೇಕು. ಕೆಲವರಿಗೆ ನಶ್ಯ, ಕೆಲವರಿಗೆ ಇಸ್ಪೀಟು, ಕೆಲವರಿಗೆ ಪಕ್ಕದ ಮನೆಯ ಸಮಾಚಾರ. ತೂಕ-ಅಳತೆ ಕಚೇರಿಯ ಟಪಾಲು ಗುಮಾಸ್ತನಿಗೆ ಇದ್ದದ್ದು ಬೇರೆಯೇ ಚಟ. ಯಾರು ಏನೇ ಬರೆದರೂ ಅದನ್ನು ಕತ್ತರಿಸಿ ಚಿಕ್ಕದು ಮಾಡಬೇಕು. ಒಕ್ಕಣೆ ಅಂದರೆ ಓದುವವನು ಕನ್ನಡಕ ಹುಡುಕುವಷ್ಟರಲ್ಲಿ ಮುಗಿದಿರಬೇಕು ಎನ್ನುವುದು ಅವನ ಸಿದ್ಧಾಂತ. ಹಾಗಾಗಿ ಕಚೇರಿಯವರೆಲ್ಲ ಅವನನ್ನು ಒಕ್ಕಣೆಯಣ್ಣ ಎಂದೇ ಕರೆಯುತ್ತಿದ್ದರು. ಅವನು ಅದನ್ನು ಬಿರುದು ಎಂದುಕೊಂಡಿದ್ದ. ಬಿರುದಲ್ಲ ಮಾರಾಯಾ ಎಂದು ಹೇಳಿ ಯಾರೂ ಅವನ ಮನಸ್ಸು ನೋಯಿಸಿರಲಿಲ್ಲ.

ಒಂದು ಸಲ ಟೈಪಿಸ್ಟ್ ಹುಡುಗಿ ರಜೆ ಅರ್ಜಿ ಬರೆದಿದ್ದಳು. ತಿಂಗಳಿನಿಂದ ಮನೆಯಲ್ಲಿದ್ದ ಅತ್ತೆಯವರು ಇಂದು ತಮ್ಮ ಊರಿಗೆ ಹೊರಡುತ್ತಿದ್ದಾರೆ, ಬಸ್ಸು ಹತ್ತಿಸಿ ಬರಲು ಅರ್ಧ ದಿನ ರಜೆ ಕೊಡಬೇಕು ಎಂದು. ಒಕ್ಕಣೆಯಣ್ಣ ಕೆಂಪು ಪೆನ್ನು ತೆಗೆದ. "ಇಷ್ಟು ದೊಡ್ಡ ಪುರಾಣ ಯಾಕಮ್ಮಾ?" ಎಂದು ಗೀಚಿ ಗೀಚಿ ಕೊನೆಗೆ ಇಷ್ಟು ಮಾಡಿಕೊಟ್ಟ: "ಅತ್ತೆ ಹೊರಟರು. ರಜೆ ಬೇಕು." ಮಧ್ಯಾಹ್ನದ ಹೊತ್ತಿಗೆ ಸಾಹೇಬರು ಏಳು ಜನ ಸಿಬ್ಬಂದಿ ಸಮೇತ ಹೂವಿನ ಹಾರ ಹಿಡಿದು, ಮುಖ ಸಪ್ಪೆ ಮಾಡಿಕೊಂಡು ಅವಳ ಮನೆಯ ಬಾಗಿಲು ತಟ್ಟಿದರು. ಬಾಗಿಲು ತೆಗೆದದ್ದು ಸಾಕ್ಷಾತ್ ಅತ್ತೆ, ಕೈಯಲ್ಲಿ ಸೂಟ್‌ಕೇಸು. "ಎಂಥಾ ಆಫೀಸಮ್ಮಾ ನಿಂದು! ನನ್ನ ಕಳಿಸಿಕೊಡೋಕೆ ಹಾರ ತಂದಿದಾರೆ!" ಎಂದು ಕುತ್ತಿಗೆ ಬಾಗಿಸಿ ಹಾಕಿಸಿಕೊಂಡು ಬಸ್ಸು ಹತ್ತಿದರು.

ಇದರಿಂದ ಒಕ್ಕಣೆಯಣ್ಣ ಪಾಠ ಕಲಿತನೇ? ಕಲಿತ. ಚಿಕ್ಕ ಒಕ್ಕಣೆಗೆ ಎಂಟು ಜನರನ್ನು ಉರಿಬಿಸಿಲಲ್ಲಿ ನಡೆಸುವ ಶಕ್ತಿ ಇದೆ ಎಂದು ಕಲಿತ.

ಇಂಥ ಮನುಷ್ಯನ ಕೈಗೆ ಆ ಸುತ್ತೋಲೆ ಬಂತು.

ಮೇಲಿನ ಕಚೇರಿಯಿಂದ ಬಂದ ಸುತ್ತೋಲೆ ಆರು ಪುಟ ಇತ್ತು. ವಿಷಯ ಇಷ್ಟೆ. ಪ್ರತಿ ಕಚೇರಿಯ ಕ್ಯಾಂಟೀನಿನಲ್ಲೂ ಪೋಲಾಗುವ ಆಹಾರ ಒಂದು ತಿಂಗಳಲ್ಲಿ ಅರ್ಧಕ್ಕೆ ಇಳಿಯಬೇಕು. ತಟ್ಟೆಯಲ್ಲಿ ಬಿಟ್ಟದ್ದು, ಪಾತ್ರೆಯಲ್ಲಿ ಮಿಕ್ಕಿದ್ದು, ತರಕಾರಿ ಸಿಪ್ಪೆ ಎಲ್ಲವೂ ಲೆಕ್ಕಕ್ಕೆ. ತಿಂಗಳ ಕೊನೆಗೆ ಅಧಿಕಾರಿಯೊಬ್ಬರು ಬಂದು ಅವತ್ತಿನ ಮುಸುರೆ ತೂಗುತ್ತಾರೆ. ಅರ್ಧವಾಗಿದ್ದರೆ ಸರಿ, ಆಗದಿದ್ದರೆ ಕ್ಯಾಂಟೀನಿಗೆ ಬೀಗ. ಆ ಕೋಣೆಯಲ್ಲಿ ಹಳೇ ಕಡತ ತುಂಬುತ್ತಾರೆ. ಆಗ ಈ ಕಚೇರಿಯ ಮುಸುರೆ ಡಬ್ಬ ದಿನಕ್ಕೆ ಹನ್ನೊಂದು ಕಿಲೋ ತೂಗುತ್ತಿತ್ತು. ಇಳಿಯಬೇಕಾದದ್ದು ಐದೂವರೆಗೆ.

ಕ್ಯಾಂಟೀನು ಅಂದರೆ ಅಡುಗೆಯಕ್ಕ, ಅಡುಗೆಯಕ್ಕ ಅಂದರೆ ಕ್ಯಾಂಟೀನು. ಇಪ್ಪತ್ತೆರಡು ವರ್ಷದಿಂದ ಎರಡು ಒಲೆ, ನಾಲ್ಕು ಪಾತ್ರೆ, ಒಂದು ಉದ್ದ ಸೌಟು ಇಟ್ಟುಕೊಂಡು ನಲವತ್ತು ಹೊಟ್ಟೆ ತುಂಬಿಸುತ್ತಿದ್ದಳು. ಗಂಡ ಇಲ್ಲ, ಮಕ್ಕಳಿಲ್ಲ. ನಲವತ್ತು ಜನ ಉಂಡು ಡರ್ರನೆ ತೇಗಿದರೆ ಅದೇ ಅವಳ ಬೋನಸ್ಸು. ಸುತ್ತೋಲೆಯ ಸುದ್ದಿ ಕೇಳಿದ ದಿನವೇ ಹಳೇ ಕ್ಯಾಲೆಂಡರಿನ ಹಿಂಬದಿಗೆ ಇದ್ದಿಲಿನಲ್ಲಿ ಬರೆದು ಅಂಟಿಸಿದಳು: "ಬೇಕಾದಷ್ಟೇ ಹಾಕಿಸ್ಕೊಳ್ಳಿ. ಸಾಲದಿದ್ರೆ ಮತ್ತೆ ಕೇಳಿ. ತಟ್ಟೇಲಿ ಬಿಟ್ಟು ಏಳಬೇಡಿ."

ಒಳ್ಳೆಯ ಮಾತು, ಮಗುವಿಗೂ ಅರ್ಥವಾಗುವಂಥದ್ದು. ಅಷ್ಟಕ್ಕೇ ಬಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಒಕ್ಕಣೆಯಣ್ಣನ ಕಣ್ಣಿಗೆ ಅದು ಬಿತ್ತು.

"ಅಕ್ಕಾ, ಎಂಟು ಪದ! ಇಷ್ಟೆಲ್ಲ ಯಾರು ಓದ್ತಾರೆ?"

"ಓದೋಕೇನಪ್ಪ ಕಷ್ಟ? ಊಟಕ್ಕೆ ಕೂತಾಗ ಓದ್ತಾರೆ."

"ಇದು ನಿಮ್ಮ ಕ್ಯಾಂಟೀನಿನ ಪ್ರಶ್ನೆ. ಒಕ್ಕಣೆ ನನಗೆ ಬಿಡಿ. ಒಂದು ತಿಂಗಳಲ್ಲಿ ಈ ಡಬ್ಬ ಇಲಿಗೂ ಸಾಲದ ಹಾಗೆ ಮಾಡಿ ತೋರಿಸ್ತೀನಿ."

ಒಂದು ಇಡೀ ದಿನ ಟಪಾಲು ಮುಟ್ಟದೆ ಯೋಚಿಸಿ, ಸಂಜೆಗೆ ಎರಡೇ ಪದದ ಫಲಕ ಸಿದ್ಧಪಡಿಸಿದ. ಕೆಂಪು ಬಣ್ಣ, ಗೇಣುದ್ದದ ಅಕ್ಷರ:

ಊಟ ಉಳಿಸಿ

ಅಕ್ಕನ ಕ್ಯಾಲೆಂಡರು ಹರಿದು ಹಾಕಿ, ಇದನ್ನು ತೂಗುಹಾಕಿದ್ದಾದರೂ ಎಲ್ಲಿ? ತಟ್ಟೆ ತೊಳೆಯಲು ಹೋಗುವವರಿಗೆ ಕಣ್ಣಿಗೆ ರಾಚುವ ಹಾಗೆ, ಸರಿಯಾಗಿ ಮುಸುರೆ ಡಬ್ಬದ ನೆತ್ತಿಯ ಮೇಲೆ. ಯಾವ ಊಟದ ಮಾತು ಎಂದು ಗೊತ್ತಾಗಲಿ ಎಂದು ಡಬ್ಬದ ಕಡೆಗೆ ಒಂದು ಬಾಣದ ಗುರುತನ್ನೂ ಬರೆದ.

ಇಲ್ಲಿ ಸ್ವಲ್ಪ ನಿಲ್ಲಬೇಕು. ನಮ್ಮ ಮಾತಿನಲ್ಲಿ "ಉಳಿಸು" ಅನ್ನುವ ಪದ ಎರಡು ಮನೆಯ ನೆಂಟ. ಪ್ರಾಣ ಉಳಿಸಿದ ಅಂದರೆ ಕೈ ಮುಗಿಯುತ್ತೇವೆ, ಅನ್ನ ಉಳಿಸಿದ ಅಂದರೆ ಬೆನ್ನಿಗೆ ಗುದ್ದುತ್ತೇವೆ. ಸಾಹುಕಾರ ಉಳಿಸಿದರೆ ಗಂಟು, ಮಗು ಉಳಿಸಿದರೆ ಎಂಜಲು. ಇದು ಮೂರನೇ ಕ್ಲಾಸಿನ ಹುಡುಗನಿಗೂ ಗೊತ್ತು. ಆದರೆ ಇಪ್ಪತ್ತು ವರ್ಷ ಒಕ್ಕಣೆ ತಿದ್ದಿದವನಿಗೆ ಹೊಳೆಯಲಿಲ್ಲ. ಅವನ ತಲೆಯಲ್ಲಿ "ಉಳಿಸಿ" ಅಂದರೆ ಕಾಪಾಡಿ. ಡಬ್ಬದ ಕಡೆ ಬಾಣ ನೋಡಿಕೊಂಡು ತಟ್ಟೆ ಹಿಡಿದು ನಿಂತ ನಲವತ್ತು ಜನರ ತಲೆಯಲ್ಲಿ "ಉಳಿಸಿ" ಅಂದರೆ ತಿನ್ನದೆ ಬಿಡಿ, ಇದರೊಳಗೆ ಸುರಿಯಿರಿ.

ಜನ ಅನುಮಾನಪಟ್ಟು ಸಾಹೇಬರನ್ನು ಕೇಳದೇ ಇರಲಿಲ್ಲ. ಸಾಹೇಬರು ಆರು ಪುಟ ಓದುವ ಪೈಕಿಯವರಲ್ಲ. "ನೋಡ್ರಪ್ಪಾ, ಮೇಲಿಂದ ಆರ್ಡರ್ ಬಂದಿದೆ. ಬೋರ್ಡಲ್ಲಿ ಬರೆದ ಹಾಗೆ ಮಾಡಿದ್ರೆ ಕ್ಯಾಂಟೀನ್ ಇರುತ್ತೆ, ಇಲ್ದಿದ್ರೆ ಅಡುಗೆಯಕ್ಕ ಮನೆಗೆ. ಯಾಕೆ ಅಂತ ಕೇಳಬೇಡಿ. ಯಾಕೆ ಅಂತ ಗೊತ್ತಾದ್ರೆ ಅದು ಆರ್ಡರ್ ಹೇಗಾಗುತ್ತೆ?"

ಅಡುಗೆಯಕ್ಕ ಮನೆಗೆ ಎಂದಮೇಲೆ ಮುಗಿಯಿತಲ್ಲ. ಅವಳ ಕೈಯ ಅನ್ನ ತಿಂದವರು ಅವಳಿಗಾಗಿ ಇಷ್ಟು ಮಾಡದಿದ್ದರೆ ಹೇಗೆ? ಎಲ್ಲರೂ ಮನಸ್ಸು ಗಟ್ಟಿ ಮಾಡಿ ಊಟ ಉಳಿಸತೊಡಗಿದರು.

ದಿನಾ ಮೂರು ಗಂಟೆಗೆ ಒಕ್ಕಣೆಯಣ್ಣ ಕಚೇರಿಯ ದೊಡ್ಡ ಕಾಟಾ ಉರುಳಿಸಿಕೊಂಡು ಬಂದು ಡಬ್ಬ ತೂಗುತ್ತಿದ್ದ. ಊಟದ ಹೊತ್ತಿನಲ್ಲಿ ಅವನು ಕ್ಯಾಂಟೀನಿಗೆ ಬರುವವನೇ ಅಲ್ಲ. ಹೆಂಡತಿ ಕಟ್ಟಿಕೊಟ್ಟ ಡಬ್ಬಿಯನ್ನು ಟಪಾಲಿನ ಮೇಜಿನ ಮೇಲೇ ಬಿಚ್ಚುತ್ತಿದ್ದ. ಹಾಗಾಗಿ ಯಾರು ಹೇಗೆ ಉಣ್ಣುತ್ತಾರೆ ಎಂದು ಅವನು ಕಂಡವನಲ್ಲ, ಕಂಡದ್ದು ಮುಳ್ಳು ಮಾತ್ರ. ಮೊದಲ ದಿನ ಮುಳ್ಳು ಹತ್ತೊಂಬತ್ತಕ್ಕೆ ನಿಂತಿತು.

"ಕಾಟಾ ಕೆಟ್ಟಿದೆ" ಎಂದ.

ತೂಕ-ಅಳತೆ ಕಚೇರಿಯಲ್ಲಿ ನಿಂತು ಕಾಟಾ ಕೆಟ್ಟಿದೆ ಅನ್ನುವುದು, ಪೊಲೀಸ್ ಠಾಣೆಯಲ್ಲಿ ನಿಂತು ಇಲ್ಲಿ ಕಳ್ಳರಿದ್ದಾರೆ ಅಂದ ಹಾಗೆ. ತಕ್ಕಡಿ ಪರೀಕ್ಷಕರು ಕುರ್ಚಿಯಿಂದ ಎದ್ದೇ ಬಂದರು. ಹದಿನೆಂಟು ವರ್ಷ ಅಂಗಡಿಯವರ ತಕ್ಕಡಿ ಹಿಡಿದು ನಡುಗಿಸಿದ ಮನುಷ್ಯ. "ಯಾವ ಕಾಟಾ? ಯಾರ ಕಾಟಾ? ನಾನು ಮೊಹರು ಒತ್ತಿದ ಕಾಟಾ?" ಎಂದು ಕೂಗಾಡಿ, ಬಟ್ಟು ಇಟ್ಟು ಮೂರು ಸಲ ಪರೀಕ್ಷಿಸಿ ತೋರಿಸಿದರು. ಕಾಟಾ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. "ಕೆಟ್ಟಿರೋದು ಕಾಟಾ ಅಲ್ಲ, ನಿನ್ನ ತಲೆ" ಎಂದು ಬರೆದು ಮೊಹರು ಒತ್ತುವುದೊಂದು ಬಾಕಿ.

ಹಾಗಾದರೆ ಒಕ್ಕಣೆ ಇನ್ನೂ ಬಲವಾಗಬೇಕು ಎಂದು ಒಕ್ಕಣೆಯಣ್ಣನಿಗೆ ಅನ್ನಿಸಿತು. ಎರಡನೇ ಫಲಕ ಬಂತು: "ಒಂದು ಹಿಡಿಯಾದರೂ ಉಳಿಸಲೇಬೇಕು!" ಡಬ್ಬ ಇಪ್ಪತ್ತೇಳು ಕಿಲೋ ಆಯಿತು. ರಾತ್ರಿಯೆಲ್ಲ ಹೊರಳಾಡಿ ಮೂರನೆಯದು ಬರೆದ: "ಉಳಿಸದವರ ಮೇಲೆ ಕ್ರಮ. ಹೆಚ್ಚು ಉಳಿಸಿದವರಿಗೆ ಬಹುಮಾನ." ಡಬ್ಬ ಸಾಲದೆ ಪಕ್ಕದಲ್ಲಿ ಒಂದು ಬಕೆಟ್ಟು ಇಡಬೇಕಾಯಿತು. ಮೂವತ್ತಾರು ಕಿಲೋ.

ಎಲ್ಲರಿಗಿಂತ ಕಷ್ಟಕ್ಕೆ ಬಿದ್ದವನು ಜೀಪಿನ ಡ್ರೈವರು. ಅವನ ಅಡ್ಡಹೆಸರು ಡಬಲ್. ಎಲ್ಲರೂ ಒಂದು ಸಲ ಹಾಕಿಸಿಕೊಂಡರೆ ಅವನು ಎರಡು ಸಲ. ಹುಟ್ಟಿದಾಗಿನಿಂದ ತಟ್ಟೆಯಲ್ಲಿ ಒಂದು ಅಗಳು ಬಿಟ್ಟವನಲ್ಲ. ಅವನು ತಿಂದೆದ್ದರೆ ತೊಳೆಯುವುದು ಬೇಡ, ಒರೆಸಿದರೆ ಸಾಕು. ಅಂಥವನು ಒಂದು ಮಧ್ಯಾಹ್ನ ಟಪಾಲಿನ ಮೇಜಿನ ಮುಂದೆ ಬಂದು ಕೈ ಕಟ್ಟಿ ನಿಂತ. ಕೆನ್ನೆ ಒಳಗೆ ಹೋಗಿತ್ತು.

"ಅಣ್ಣಾ, ಕೈಲಾದಷ್ಟು ಉಳಿಸ್ತಾ ಇದೀನಿ. ಇನ್ನೂ ಉಳಿಸಬೇಕಾ?"

ಒಕ್ಕಣೆಯಣ್ಣನಿಗೆ ಕಣ್ಣು ತುಂಬಿ ಬಂತು. ಇಡೀ ಕಚೇರಿಯಲ್ಲಿ ಒಬ್ಬನಾದರೂ ಮಾತು ಕೇಳಿದನಲ್ಲ! "ಎಷ್ಟು ಉಳಿಸ್ತೀಯಪ್ಪಾ?"

"ಮೊದಲು ಕಾಲು ತಟ್ಟೆ. ಈಗ ಅರ್ಧ ತಟ್ಟೆ ಅಣ್ಣಾ."

"ಅರ್ಧ ತಟ್ಟೆ! ಭೇಷ್! ಎಲ್ಲರೂ ನಿನ್ನ ಹಾಗಿದ್ರೆ ನನಗೆ ಈ ಚಿಂತೆ ಯಾಕಪ್ಪಾ?"

"ಆದ್ರೆ ಹೊಟ್ಟೆ ಉರಿಯುತ್ತೆ ಅಣ್ಣಾ."

"ಒಳ್ಳೆ ಕೆಲಸ ಮಾಡಿದ್ರೆ ಹೊಟ್ಟೆ ಉರಿಯೋರು ಇದ್ದೇ ಇರ್ತಾರೆ. ಯಾರು ಅಂತ ಹೇಳು, ನಾನು ನೋಡ್ಕೋತೀನಿ."

"ನಂದೇ ಅಣ್ಣಾ."

ಒಕ್ಕಣೆಯಣ್ಣ ಅದನ್ನು ವಿನಯ ಎಂದು ತಿಳಿದು ಬೆನ್ನು ತಟ್ಟಿ ಕಳಿಸಿದ. ಡಬಲ್ ಹೋಗಿ ನಲ್ಲಿಯ ನೀರು ಕುಡಿದು ಜೀಪಿನಲ್ಲಿ ಮಲಗಿದ.

ಇತ್ತ ಅಡುಗೆಯಕ್ಕನ ಪಾಡು ಕೇಳಬೇಡಿ. ಎರಡು ದಶಕ ಒಂದೆರಡು ತುತ್ತು ಬಿಟ್ಟರೂ ತೇಗಿ ಏಳುತ್ತಿದ್ದವರು ಈಗ ಅರ್ಧರ್ಧ ಹಾಗೇ ಸುರಿದು, ತಲೆ ತಗ್ಗಿಸಿಕೊಂಡು ಓಡುತ್ತಿದ್ದರು. ಮೊದಲ ವಾರ ಉಪ್ಪು ಜಾಸ್ತಿಯಾಯಿತೇನೋ ಎಂದು ಕಡಿಮೆ ಮಾಡಿದಳು. ಎರಡನೇ ವಾರ ಖಾರ ಬದಲಾಯಿಸಿದಳು. ಮೂರನೇ ವಾರ ಅಕ್ಕಿ ಅಂಗಡಿಯವನ ಜೊತೆ ಜಗಳವಾಡಿ ಬಂದಳು. ಬಿಡುವುದು ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ. ಕೊನೆಗೆ ಅಭಿಮಾನ ನುಂಗಿಕೊಂಡು ಡಬಲ್‌ನನ್ನೇ ತಡೆದು ಕೇಳಿದಳು.

"ಯಾಕಪ್ಪಾ ಬಿಟ್ಟೆ? ಚೆನ್ನಾಗಿಲ್ವಾ?"

"ತುಂಬಾ ಚೆನ್ನಾಗಿದೆ ಅಕ್ಕಾ."

"ಮತ್ತೆ?"

"ನಿಮ್ಮ ಒಳ್ಳೇದಕ್ಕೇ ಅಕ್ಕಾ ಬಿಡ್ತಾ ಇರೋದು" ಎಂದು ಕಣ್ಣೊರೆಸಿಕೊಂಡು ಹೋದ.

ಚೆನ್ನಾಗಿದೆ ಎಂದು ಬಿಡುವವರು ಲೋಕದಲ್ಲಿ ಉಂಟೇ? ಅಡುಗೆಯಕ್ಕನಿಗೆ ಅರ್ಥವಾಗಿ ಹೋಯಿತು. ತನ್ನ ಕೈಯ ರುಚಿ ಹೋಯಿತು, ಬಾಯಿಬಿಟ್ಟು ಹೇಳಲಾರದೆ ಪಾಪ ಜನ ಮರ್ಯಾದೆ ಮಾಡುತ್ತಿದ್ದಾರೆ. ಅವತ್ತು ಪಾತ್ರೆ ತೊಳೆಯುತ್ತಾ ನಲ್ಲಿ ಜೋರಾಗಿ ಬಿಟ್ಟು ಅತ್ತಳು.

ಇನ್ನು ಉಳಿದವರ ಬಾಯಿ. ಹಸಿದ ಹೊಟ್ಟೆಗೆ ಬೇರೆ ಕೆಲಸ ಇಲ್ಲದಾಗ ತಲೆ ಓಡುತ್ತದೆ. ಇಷ್ಟು ಊಟ ಯಾಕೆ ಉಳಿಸಬೇಕು? ಯಾರಿಗೆ ಹೋಗುತ್ತದೆ? ದಿನಾ ಮೂರು ಗಂಟೆಗೆ ಸರಿಯಾಗಿ ಬಂದು, ಡಬ್ಬ ತೂಗಿ, ಬಗ್ಗಿ ನೋಡಿ, ಬರೆದುಕೊಂಡು ನಿಟ್ಟುಸಿರು ಬಿಡುವ ಮನುಷ್ಯ ಯಾರು? ಟೈಪಿಸ್ಟ್ ಹುಡುಗಿ ಥಟ್ಟನೆ ಕಂಡುಹಿಡಿದಳು. "ಇನ್ನೇನ್ರೀ, ಹಂದಿ ಸಾಕಿದಾನೆ!"

ಸಂಜೆಗೆ ಹಂದಿ ಎರಡಿದ್ದದ್ದು ಮಾರನೇ ದಿನ ಹನ್ನೆರಡಾಯಿತು. ಒಂದಕ್ಕೆ ಮರಿಯೂ ಆಯಿತು. ಟೈಪಿಸ್ಟಿನ ಚಿಕ್ಕಮ್ಮ ಇದ್ದದ್ದು ಒಕ್ಕಣೆಯಣ್ಣನ ಬೀದಿಯಲ್ಲೇ. ಅವನು ಮನೆಗೆ ಬಂದಾಗ ಹೆಂಡತಿ ಬಾಗಿಲಿಗೆ ಅಡ್ಡ ನಿಂತಿದ್ದಳು. ಹಿಂದೆ ಅವಳ ತಮ್ಮ, ಕೈಯಲ್ಲಿ ಅಳತೆಯ ಟೇಪು.

"ಎಲ್ಲಿ ಕಟ್ಟಿದೀರಿ?"

"ಏನನ್ನ?"

"ನನ್ನ ಬಾಯಲ್ಲಿ ಹೇಳಿಸಬೇಡಿ. ಎದುರು ಮನೆಯಾಕೆ ಮೂಗು ಮುಚ್ಕೊಂಡು ಓಡಾಡ್ತಾಳೆ. ಎರಡು ಬೀದಿ ಆಚೆಯಿಂದ ಯಾರೋ ಬಂದು ಒಂದು ಮರಿ ಕಾದಿಟ್ಟಿರಿ ಅಂತ ಹೇಳಿ ಹೋದ್ರು. ಇಷ್ಟು ವರ್ಷ ಸಂಸಾರ ಮಾಡಿ ಹೆಂಡತಿಗೆ ಹೇಳದೆ ಹಂದಿ ಸಾಕಿದ ಗಂಡ ಯಾರಾದ್ರೂ ಇದಾರಾ?"

"ಹಂದಿ? ನಾನು? ಲೇ, ನಾನು ಮಾಡ್ತಿರೋದು ಊಟ ಉಳಿಸೋ ಕೆಲಸ ಕಣೇ!"

"ಹೌದಂತೆ. ಇಡೀ ಆಫೀಸಿನ ಕೈಲಿ ಊಟ ಉಳಿಸಿಸ್ತಾ ಇದೀರಂತೆ. ಕೇಳಿದೀನಿ."

"ನೋಡು, ನೀನೇ ಹೇಳ್ತಿದೀಯ. ಮತ್ತೆ ಹಂದಿ ಎಲ್ಲಿಂದ ಬಂತು?"

"ಉಳಿಸಿದ್ದನ್ನ ತಿನ್ನೋಕೆ!"

ಭಾವಮೈದ ಮುಂದೆ ಬಂದ. "ಅಕ್ಕಾ, ನೀನು ಸುಮ್ನಿರು. ಭಾವಾ, ಹಿತ್ತಲು ಅಳತೆ ಮಾಡಿದೀನಿ. ಹತ್ತು ಅಡಿ ಕೊಟ್ಟಿಗೆ ಆರಾಮಾಗಿ ಬರುತ್ತೆ. ನನ್ನನ್ನೂ ಪಾಲಿಗೆ ಸೇರಿಸ್ಕೊಳ್ಳಿ. ಹೊರಗಿನವರು ಯಾಕೆ?"

ಒಕ್ಕಣೆಯಣ್ಣ ಜೀವಮಾನದಲ್ಲಿ ಮೊದಲ ಬಾರಿಗೆ ಉದ್ದವಾಗಿ ಮಾತಾಡಿದ. ಅರ್ಧ ಗಂಟೆ ವಿವರಿಸಿದ. ಆದರೆ ಪ್ರತಿ ಎರಡನೇ ಮಾತಿಗೂ "ಊಟ ಉಳಿಸು" ಬರುತ್ತಿದ್ದದ್ದರಿಂದ, ವಿವರಿಸಿದಷ್ಟೂ ಹಂದಿಗಳು ಕೊಬ್ಬಿದವು. ಮಾರನೆಯ ಬೆಳಗ್ಗೆ ಮೇಜಿನ ಮೇಲೆ ಊಟದ ಡಬ್ಬಿ ಇರಲಿಲ್ಲ. "ಡಬ್ಬಿ ಎಲ್ಲೇ?" ಎಂದರೆ ಒಳಗಿನಿಂದ ಉತ್ತರ ಬಂತು: "ಹಂದಿಗೆ ಹಾಕೋದು ಇದೆಯಲ್ಲ, ಅದರಲ್ಲೇ ಒಂದು ತುತ್ತು ತಿನ್ನಿ."

ಕೆಟ್ಟ ಗಳಿಗೆ ಹೇಳಿ ಬರುವುದಿಲ್ಲ. ಅವತ್ತೇ ತಪಾಸಣೆಯ ದಿನ.

ತಪಾಸಣೆಗೆ ಬಂದ ಅಧಿಕಾರಿ ಒಬ್ಬ ಮೇಡಂ. ನಕ್ಕರೆ ಸರ್ಕಾರಕ್ಕೆ ನಷ್ಟ ಎಂದುಕೊಂಡಿದ್ದಂಥ ಮುಖ. ಸರಿಯಾಗಿ ಊಟದ ಹೊತ್ತಿಗೆ ಬಂದು ಕ್ಯಾಂಟೀನಿನ ಬಾಗಿಲಲ್ಲಿ ನಿಂತರು. ಸಾಹೇಬರು ಒಂದು ಪಕ್ಕ, ತಕ್ಕಡಿ ಪರೀಕ್ಷಕರು ಕಾಟಾ ಒರೆಸುತ್ತಾ ಇನ್ನೊಂದು ಪಕ್ಕ, ಬೆಳಗಿನಿಂದ ಏನೂ ತಿನ್ನದ ಒಕ್ಕಣೆಯಣ್ಣ ಹಿಂದೆ. ತಿಂಗಳಲ್ಲಿ ಅವನು ಊಟದ ಹೊತ್ತಿಗೆ ಕ್ಯಾಂಟೀನಿನೊಳಗೆ ಕಾಲಿಟ್ಟದ್ದು ಅದೇ ಮೊದಲು.

ನಲವತ್ತು ಜನ ಸಾಲಾಗಿ ಕೂತಿದ್ದರು. ನಲವತ್ತು ತಟ್ಟೆಯಲ್ಲೂ ಬಿಸಿ ಅನ್ನ, ಕಾಳಿನ ಸಾರು, ಕುಂಬಳಕಾಯಿ ಪಲ್ಯ ಹಬೆಯಾಡುತ್ತಿತ್ತು. ನಲವತ್ತು ಜನರ ಕೈಯೂ ತೊಡೆಯ ಮೇಲಿತ್ತು. ಇವತ್ತು ಅಕ್ಕನ ಭವಿಷ್ಯ ತೀರ್ಮಾನವಾಗುವ ದಿನ, ಅರ್ಧ ಉಳಿಸಿದರೆ ಸಾಲದು, ಪೂರ್ತಿ ಉಳಿಸೋಣ ಎಂದು ಎಲ್ಲರೂ ಬೆಳಗ್ಗೆಯೇ ಮಾತಾಡಿಕೊಂಡಿದ್ದರು. ಯಾರದೋ ಹೊಟ್ಟೆ ಗುರ್ರೆಂದಿತು.

"ಏನಿದು?" ಎಂದರು ಮೇಡಂ. "ಮುಷ್ಕರವೇ?"

ಟೈಪಿಸ್ಟ್ ಎದ್ದು ನಿಂತು ಹೆಮ್ಮೆಯಿಂದ ಹೇಳಿದಳು: "ಇಲ್ಲ ಮೇಡಂ. ಉಳಿಸಿದೀವಿ. ಒಂದು ಅಗಳೂ ಮುಟ್ಟಿಲ್ಲ, ನೋಡಿ!"

"ಸುರೀಬಹುದಾ ಮೇಡಂ?" ಎಂದು ಡಬಲ್ ತಟ್ಟೆ ಎತ್ತಿಕೊಂಡ.

ಅಷ್ಟರಲ್ಲಿ ಒಳಗಿನಿಂದ ಅಡುಗೆಯಕ್ಕ ಬಂದಳು. ನಲವತ್ತು ತುಂಬಿದ ತಟ್ಟೆಗಳನ್ನು ಒಂದು ಸಲ ನೋಡಿದಳು. ಸೊಂಟಕ್ಕೆ ಕಟ್ಟಿದ್ದ ಬಟ್ಟೆ ಬಿಚ್ಚಿ ಬೆಂಚಿನ ಮೇಲಿಟ್ಟಳು, ಅದರ ಮೇಲೆ ಕ್ಯಾಂಟೀನಿನ ಬೀಗದ ಕೈ ಇಟ್ಟಳು.

"ನೀವು ತೂಗೋದು ಬೇಡಮ್ಮಾ" ಎಂದಳು. "ನಾನೇ ಹೊರಟೆ. ಇಪ್ಪತ್ತೆರಡು ವರ್ಷ ಮಾಡಿ ಹಾಕಿದೆ. ಇವತ್ತು ನಿಮ್ಮ ಮುಂದೆ ಒಬ್ಬರೂ ಒಂದು ತುತ್ತೂ ಬಾಯಿಗಿಡಲಿಲ್ಲ. ಯಾರಿಗೂ ಬೇಡದ ಅಡುಗೆ ನಾನು ಯಾರಿಗೆ ಅಂತ ಮಾಡಲಿ?"

ಅದೇ ಕ್ಷಣಕ್ಕೆ ಡಬಲ್ ಹೋ ಎಂದು ಅತ್ತುಬಿಟ್ಟ. ಆರಡಿ ಆಳು, ತಟ್ಟೆ ಎದೆಗವಚಿಕೊಂಡು. "ಬೇಡ ಅಂತ ಯಾರಂದ್ರು ಅಕ್ಕಾ? ಹಸಿವಿಂದ ಸಾಯ್ತಾ ಇದೀನಿ! ತಿಂಗಳಿಂದ ಕನಸಲ್ಲೂ ನಿಮ್ಮ ಕುಂಬಳಕಾಯಿ ಪಲ್ಯಾನೇ ಬರ್ತಾ ಇದೆ! ಊಟ ಉಳಿಸಿ ಅಂತ ಬೋರ್ಡಲ್ಲಿ ಬರೆದಿದಾರಲ್ಲ ಅಕ್ಕಾ, ಹಾಗೆ ಮಾಡಿದ್ರೆ ನಿಮ್ಮ ಕೆಲಸ ಉಳಿಯುತ್ತೆ ಅಂದ್ರು!"

ಮೇಡಂ ತಲೆಯೆತ್ತಿ ಬೋರ್ಡು ನೋಡಿದರು. ಬಾಣ ನೋಡಿದರು. ಡಬ್ಬ ನೋಡಿದರು. "ಇದನ್ನ ಬರೆದವರು ಯಾರು?"

ಸಾಹೇಬರು ಚಾವಣಿ ನೋಡಿದರು. ನಲವತ್ತು ಮುಖ ಒಟ್ಟಿಗೆ ಒಂದೇ ಕಡೆ ತಿರುಗಿದವು.

"ನಾನೇ ಮೇಡಂ" ಎಂದ ಒಕ್ಕಣೆಯಣ್ಣ. "ಆದ್ರೆ ನಾನು ಬರೆದದ್ದು ಉಳಿಸಿ ಅಂತ. ಇವರು ಉಳಿಸಿ ಅಂತ ತಿಳ್ಕೊಂಡಿದಾರೆ."

"ಏನಂದ್ರಿ?"

"ಅಂದ್ರೆ, ಉಳಿಸಿ ಅಂದ್ರೆ ಉಳಿಸಬೇಡಿ ಅಂತ. ಉಳಿಸಬೇಡಿ, ಉಳಿಸಿ ಅಂತ."

"ಯಾವುದು?" ಎಂದರು ತಕ್ಕಡಿ ಪರೀಕ್ಷಕರು.

"ಉಳಿಸಿದ್ರೆ ಉಳಿಯಲ್ಲ. ಉಳಿಸದಿದ್ರೆ ಉಳಿಸಿದ ಹಾಗೆ!"

"ಇವನಿಗೂ ಏನಾದ್ರೂ ತಿನ್ನಿಸ್ರಪ್ಪಾ" ಎಂದರು ಸಾಹೇಬರು, "ತಲೆ ತಿರುಗ್ತಾ ಇದೆ ಪಾಪ."

ಆಗ ಒಕ್ಕಣೆಯಣ್ಣನ ಕಣ್ಣು ಬೀಗದ ಕೈಯ ಮೇಲೆ ಬಿತ್ತು. ಆಮೇಲೆ ಅಡುಗೆಯಕ್ಕನ ಮುಖದ ಮೇಲೆ. ಜಂಬ ಎಲ್ಲಿ ಹೋಯಿತೋ ಗೊತ್ತಿಲ್ಲ. ನಾಚಿಕೆಯಾಯಿತು.

"ಅಕ್ಕಾ" ಎಂದ, "ತಪ್ಪು ನಿಮ್ಮ ಅಡುಗೇದಲ್ಲ, ನನ್ನ ಒಕ್ಕಣೇದು. ನೀವು ಬರೆದದ್ದೇ ಸರಿ ಇತ್ತು. ನಾನು ದೊಡ್ಡ ಬುದ್ಧಿವಂತ ಅಂತ ಹರಿದು ಹಾಕಿದೆ. ಇವರೆಲ್ಲ ನಿಮ್ಮ ಮೇಲಿನ ಪ್ರೀತಿಗೆ ಒಂದು ತಿಂಗಳು ಹೊಟ್ಟೆಗೆ ತಣ್ಣೀರು ಬಟ್ಟೆ ಕಟ್ಕೊಂಡಿದಾರೆ." ಆಮೇಲೆ ನಲವತ್ತು ಜನರ ಕಡೆ ತಿರುಗಿ, ಕಂಠ ಹರಿಯುವ ಹಾಗೆ, ತನ್ನ ಜೀವಮಾನದ ಅತಿ ಚಿಕ್ಕ ಒಕ್ಕಣೆ ಕೂಗಿದ: "ತಿನ್ರೋ!"

ಆಹಾ, ಆಮೇಲಿನದನ್ನು ನೋಡಿಯೇ ನಂಬಬೇಕು. ಒಂದು ತಿಂಗಳ ಹಸಿವು ಒಟ್ಟಿಗೆ ಕೂತು ಉಣ್ಣುವ ಸದ್ದು ಅದು. ಟೈಪಿಸ್ಟ್ ಎರಡನೇ ಸಲಕ್ಕೆ ತಟ್ಟೆ ಚಾಚಿದಾಗ ಅಡುಗೆಯಕ್ಕ ಬಟ್ಟೆ ಮತ್ತೆ ಸೊಂಟಕ್ಕೆ ಕಟ್ಟಿ ಸೌಟು ಹಿಡಿದಳು. ಡಬಲ್ ಐದು ಸಲ ಹಾಕಿಸಿಕೊಂಡು ಕೊನೆಗೆ ಬೆಂಚಿನ ಮೇಲೆ ಅಡ್ಡ ಬಿದ್ದ. ಸಾಹೇಬರು ರುಚಿ ನೋಡುವುದಕ್ಕೆಂದು ಕೂತವರು ಏಳಲೇ ಇಲ್ಲ. ತೇಗಿನ ಮೇಲೆ ತೇಗು, ಗೋಡೆ ಗಡಿಯಾರ ಅಲುಗುವ ಹಾಗೆ. ಅಡುಗೆಯಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾ, "ಹೊಗೆಗೆ ಕಣ್ಣು ಉರಿಯುತ್ತೆ" ಎಂದಳು. ಒಲೆ ಆರಿ ಆಗಲೇ ಒಂದು ಗಂಟೆಯಾಗಿತ್ತು.

ಮೇಡಂ ಮಾತ್ರ ಕರಗುವವರಲ್ಲ. "ಕಣ್ಣೀರು ನನ್ನ ಫಾರಂನಲ್ಲಿ ಇಲ್ಲ. ತೂಗಿ" ಎಂದರು.

ಬೆಳಗಿನ ಸಿಪ್ಪೆ ಇದ್ದ ಡಬ್ಬವನ್ನು ಕಾಟಾದ ಮೇಲಿಟ್ಟರು. ತಟ್ಟೆಗಳಿಂದ ಬಂದದ್ದು ಏನೂ ಇಲ್ಲ. ಪಾತ್ರೆಯ ತಳದಲ್ಲಿ ಮಿಕ್ಕಿದ ಅನ್ನ, ಪಲ್ಯಾನೂ ಲೆಕ್ಕಕ್ಕೆ ಎಂದು ಅವನ್ನೂ ಪಕ್ಕದಲ್ಲೇ ಇಡಿಸಿದರು. ತಕ್ಕಡಿ ಪರೀಕ್ಷಕರು ಡಬ್ಬದ ತೂಕ, ಪಾತ್ರೆಯ ತೂಕ ಕಳೆದು ಮುಳ್ಳು ಓದಿದರು.

"ಆರು ಕಿಲೋ."

"ಇರಬೇಕಾದ್ದು ಐದೂವರೆ" ಎಂದರು ಮೇಡಂ. "ಅರ್ಧ ಕಿಲೋ ಜಾಸ್ತಿ."

"ಸ್ವಲ್ಪ ನೋಡಿ ಬರ್ಕೊಳ್ಳಿ ಮೇಡಂ, ಮುಳ್ಳು ಅಲ್ಲಾಡ್ತಾ ಇದೆ" ಎಂದು ಸಾಹೇಬರು ಹಲ್ಲು ಗಿಂಜಿದರು.

"ನನ್ನ ಕಾಟಾದ ಮುಳ್ಳು ಅಲ್ಲಾಡಲ್ಲ ಸಾರ್!" ಎಂದು ಸಿಡಿದರು ತಕ್ಕಡಿ ಪರೀಕ್ಷಕರು. ಒಂದೊಂದು ಸಲ ಸತ್ಯವಂತರಿಂದ ಆಗುವ ಅನಾಹುತ ಕಳ್ಳರಿಂದಲೂ ಆಗುವುದಿಲ್ಲ.

ಎಲ್ಲರೂ ಡಬಲ್ ಕಡೆ ನೋಡಿದರು. ಅವನು ಮಲಗಿದಲ್ಲೇ ಕೈ ಮುಗಿದ. "ಅಕ್ಕಾ, ಪ್ರಾಣ ಬೇಕಾದ್ರೆ ಕೊಡ್ತೀನಿ. ಜಾಗ ಇಲ್ಲ." ಟೈಪಿಸ್ಟ್ ತಲೆಯಾಡಿಸಿದಳು. ಸಾಹೇಬರು ಬೆಲ್ಟು ಸಡಿಲಿಸಿದ್ದನ್ನು ಕೋಟಿನಲ್ಲಿ ಮುಚ್ಚಿಕೊಂಡರು. ಇಡೀ ಕೋಣೆಯಲ್ಲಿ ಒಂದು ಅಗಳಿಗೂ ಜಾಗ ಇರಲಿಲ್ಲ. ಮೇಡಂ ಪೆನ್ನಿನ ಮುಚ್ಚಳ ತೆಗೆದರು.

"ತಾಳಿ" ಎಂದಳು ಅಡುಗೆಯಕ್ಕ. "ಒಬ್ಬ ಇನ್ನೂ ಉಂಡಿಲ್ಲ."

ಒಕ್ಕಣೆಯಣ್ಣನನ್ನು ಕೈ ಹಿಡಿದು ಕರೆತಂದು ಕಾಟಾದ ಪಕ್ಕದಲ್ಲೇ ಕೂರಿಸಿದಳು. ಪಾತ್ರೆ ಕಾಟಾದ ಮೇಲಿದ್ದ ಹಾಗೇ ಸೌಟಿನಲ್ಲಿ ತೆಗೆದು ತೆಗೆದು ಬಡಿಸಿದಳು. ಒಂದು ಸೌಟು, ಮುಳ್ಳು ಒಂದು ಗೆರೆ ಇಳಿಯಿತು. "ಐದೂ ಮುಕ್ಕಾಲು!" ಎಂದು ಕೂಗಿದರು ತಕ್ಕಡಿ ಪರೀಕ್ಷಕರು. ನಲವತ್ತು ಜನ ಕತ್ತು ಚಾಚಿಕೊಂಡು ಸುತ್ತ ನಿಂತರು. "ನುಂಗಣ್ಣಾ, ನುಂಗು!" "ತಟ್ಟೇಲಿ ಇದ್ರೂ ಲೆಕ್ಕ ಕಣಣ್ಣಾ, ಹೊಟ್ಟೆಗೆ ಹೋಗಬೇಕು!" "ನೀರು ಕುಡೀಬೇಡ, ಜಾಗ ಹೋಗುತ್ತೆ!" ಒಕ್ಕಣೆಯಣ್ಣ ತಲೆ ತಗ್ಗಿಸಿ ತುತ್ತು ಬಾಯಿಗಿಟ್ಟ.

ಇಟ್ಟವನ ಕಣ್ಣು ಅರಳಿತು. ಆಮೇಲೆ ಇನ್ನೊಂದು ತುತ್ತು. ಆಮೇಲೆ ಲೆಕ್ಕ ಯಾರಿಗೂ ಸಿಗಲಿಲ್ಲ.

"ಐದೂವರೆ!" ತಕ್ಕಡಿ ಪರೀಕ್ಷಕರು ಕುಣಿದೇಬಿಟ್ಟರು. ಮೇಡಂ ಬಗ್ಗಿ ಮುಳ್ಳು ನೋಡಿ, ಅವನ ತಟ್ಟೆಯನ್ನೂ ನೋಡಿ, ಫಾರಂಗೆ ಸಹಿ ಹಾಕಿದರು. ಕ್ಯಾಂಟೀನು ಗೆದ್ದಿತು. ಚಪ್ಪಾಳೆ, ಶಿಳ್ಳೆ. ಟೈಪಿಸ್ಟ್ ಬೀಗದ ಕೈ ತೆಗೆದು ಅಕ್ಕನ ಸೊಂಟಕ್ಕೆ ತಾನೇ ಸಿಕ್ಕಿಸಿದಳು.

"ಸಾಕು ಏಳಿ, ಪಾಸಾಯ್ತು" ಎಂದರು ಮೇಡಂ.

ಒಕ್ಕಣೆಯಣ್ಣನಿಗೆ ಕೇಳಿಸಲಿಲ್ಲ. ಅವನು ತಟ್ಟೆಯ ಅಂಚಿನಿಂದ ಅಂಚಿಗೆ ಬೆರಳು ಎಳೆದು ನೆಕ್ಕಿದ. ಮತ್ತೆ ತಟ್ಟೆ ಚಾಚಿದ. ಅಕ್ಕ ಹಾಕಿದಳು, ತಿಂದ. ಮತ್ತೆ ಚಾಚಿದ. ಪಾತ್ರೆಯ ತಳ ಕೆರೆಯುವ ಸದ್ದು ಬಂತು. ಚಪ್ಪಾಳೆ ತಟ್ಟುತ್ತಿದ್ದವರೆಲ್ಲ ಪಾತ್ರೆಯೊಳಗೆ ಇಣುಕಿದರು.

"ಹೇಗಿದೆಯಪ್ಪಾ?" ಎಂದು ಕೇಳಿದಳು ಅಡುಗೆಯಕ್ಕ. ಧ್ವನಿಯಲ್ಲಿ ಇನ್ನೂ ಸ್ವಲ್ಪ ಅಳುಕು ಇತ್ತು.

ಒಕ್ಕಣೆಯಣ್ಣ ಬಾಯಿ ತೆರೆದ. ಏನೇನೋ ಪದ ಬಂದವು, ಒಂದೂ ಸರಿ ಕಾಣಲಿಲ್ಲ. ಮುಚ್ಚಿದ. ಮತ್ತೆ ತೆರೆದ. ಕೊನೆಗೆ ಖಾಲಿ ತಟ್ಟೆಯನ್ನೇ ಎರಡು ಕೈಯಲ್ಲಿ ಎತ್ತಿ ಹಿಡಿದು, "ಇನ್ನೊಂಚೂರು ಹಾಕಿ ಅಕ್ಕಾ" ಎಂದ.

ಅಡುಗೆಯಕ್ಕ ಪಾತ್ರೆ ಓರೆ ಮಾಡಿ ಎಲ್ಲರಿಗೂ ತೋರಿಸಿದಳು. ಒಳಗೆ ಏನೂ ಇರಲಿಲ್ಲ, ಅವಳ ಮುಖವೇ ಕಾಣುತ್ತಿತ್ತು, ನಗುತ್ತಾ.

"ಮುಗೀತಲ್ಲಪ್ಪಾ" ಎಂದಳು. "ನಾಳೆ ಸ್ವಲ್ಪ ಬೇಗ ಬಾ."